ಗದ್ದಲದ ದೂರನ್ನು ಕೇಳತಕ್ಕವರು

1920ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು ಅಂಗೀಕರಿಸಿದ ವಾಯುಸಂಚಾರ ಶಾಸನದ ಒಂಬತ್ತನೆಯ ಕಲಮು ಬಹು ಚಿಕ್ಕದು. ಆದರೆ ವಿಮಾನನಿಲ್ದಾಣಗಳ ನೆರೆಯಲ್ಲಿ ಮನೆಮಾಡಿಕೊಂಡಿದ್ದ ಲಕ್ಷಾಂತರ ಜನರ ನಿದ್ರೆಯ ಇತಿಹಾಸವನ್ನು ಬರೆಯಹೊರಟವನು ಅಲ್ಲಿಂದಲೇ ಪ್ರಾರಂಭಿಸಬೇಕಾಗುತ್ತದೆ. ಗಾಳಿ, ಹವೆ ಮೊದಲಾದ ಸನ್ನಿವೇಶಗಳನ್ನೆಲ್ಲ ಗಮನಿಸಿ ನೋಡಿದರೆ ಯುಕ್ತವೆನ್ನಬಹುದಾದ ಎತ್ತರದಲ್ಲಿ, ನಿಯಮಗಳಿಗೆ ಒಳಪಟ್ಟು, ವಿಮಾನವೊಂದು ಹಾರಿಹೋದ ಮಾತ್ರಕ್ಕೆ ಕೆಳಗಿನ ನೆಲದವನು ಅದನ್ನು ಅತಿಕ್ರಮಣವೆಂದಾಗಲಿ ಉಪದ್ರವವೆಂದಾಗಲಿ ಹೇಳಿ ನ್ಯಾಯಾಲಯದಲ್ಲಿ ದಾವೆ ಹೂಡಕೂಡದು ಎಂಬುದು ಆ ಕಲಮಿನ ತಾತ್ಪರ್ಯ. ಅದೇ ಕಲಮಿನ ಮುಂದಿನ ಭಾಗದಲ್ಲಿ ಇನ್ನೊಂದು ಮಾತೂ ಇದ್ದಿತು: ವಿಮಾನದಿಂದಾಗಲಿ ಅದರಿಂದ ಕೆಳಕ್ಕೆ ಬಿದ್ದ ವಸ್ತುವಿನಿಂದಾಗಲಿ ನೆಲದ ಮೇಲಿನ ಜನಕ್ಕೋ ಆಸ್ತಿಗೋ ಹಾನಿಯಾದ ಪಕ್ಷದಲ್ಲಿ, ಯಾರ ಅಜಾಗರೂಕತೆಯನ್ನೂ ರುಜುವಾತು ಮಾಡಬೇಕಾದ ಅಗತ್ಯವಿಲ್ಲದೆ, ವಿಮಾನದ ಒಡೆಯನು ಪರಿಹಾರ ಕೊಡತಕ್ಕದ್ದು. ಹೀಗೆ ಹೆಂಚು ಒಡೆಸಿಕೊಂಡವನಿಗೆ ನ್ಯಾಯವು ಸುಲಭವಾಯಿತು. ನಿದ್ದೆ ಕೆಟ್ಟವನಿಗೆ ನ್ಯಾಯಾಲಯದ ಬಾಗಿಲೇ ಮುಚ್ಚಿತು.

ನೆಲದ ಒಡೆಯನಿಗೆ ಮೇಲೆ ಆಕಾಶದವರೆಗೂ ಕೆಳಗೆ ಪಾತಾಳದವರೆಗೂ ಒಡೆತನವಿದೆ ಎಂಬ ಪುರಾತನ ನ್ಯಾಯಸೂತ್ರವೊಂದು ಆ ದೇಶದ ವಕೀಲರ ಬಾಯಲ್ಲಿ ಶತಮಾನಗಳಿಂದ ಇದ್ದಿತಷ್ಟೆ. ಆ ಸೂತ್ರವನ್ನು ಅಕ್ಷರಶಃ ಹಿಡಿದರೆ ಲಂಡನ್ನಿನಿಂದ ಪ್ಯಾರಿಸ್ಸಿಗೆ ಹೊರಟ ವಿಮಾನವು ಹಾದಿಯುದ್ದಕ್ಕೂ ಪ್ರತಿಯೊಬ್ಬ ರೈತನ ಅಪ್ಪಣೆಯನ್ನು ಪಡೆಯಬೇಕಾಗುತ್ತಿತ್ತು. ಈ ಎರಡು ನಗರಗಳ ನಡುವೆ ನಿತ್ಯಸಂಚಾರವು ಹೌನ್ಸ್ಲೋ ಹೀತ್ ಎಂಬ ಮೈದಾನದಿಂದ ಪ್ರಾರಂಭವಾದದ್ದು 1919ರ ಆಗಸ್ಟಿನಲ್ಲಿ. ಒಂದು ವರ್ಷದ ಕೂಸನ್ನು ದಾವೆಗಳ ಕೈಗೆ ಒಪ್ಪಿಸಿದರೆ ಅದು ಬದುಕಲಾರದೆಂದು ಶಾಸನಕರ್ತರು ಭಾವಿಸಿದುದರಲ್ಲಿ ತಪ್ಪಿಲ್ಲ. ಆದರೆ ನೆರೆಯವನ ಕುಲುಮೆಯ ಸದ್ದಿಗೂ ಚರ್ಮ ಹದಮಾಡುವವನ ತೊಟ್ಟಿಯ ದುರ್ಗಂಧಕ್ಕೂ ದಾವೆ ಹೂಡಲು ಸಾಮಾನ್ಯ ಪ್ರಜೆಗೆ ಇದ್ದ ಹಕ್ಕನ್ನು ವಿಮಾನದ ಮಟ್ಟಿಗೆ ಕಸಿದುಕೊಂಡಾಗ, ಆ ಪ್ರಜೆಯ ಕಿವಿಯನ್ನು ಇನ್ನು ಮುಂದೆ ಸರ್ಕಾರವೇ ಕಾಯುವುದೆಂಬ ಮಾತು ಅದರಲ್ಲಿ ಅಡಗಿದ್ದಿತೆಂದು ನಾನು ತಿಳಿಯುತ್ತೇನೆ. ಆ ಮಾತನ್ನು ನಡೆಸಿಕೊಡತಕ್ಕ ಸಂಸ್ಥೆ ಯಾವುದು? ನೂರು ವರ್ಷಗಳ ಕಾಲ ಬ್ರಿಟನ್ನು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಎತ್ತಿಕೊಂಡು, ಒಂದೊಂದು ಬಾರಿಯೂ ಒಂದೊಂದು ಉತ್ತರವನ್ನು ಕೊಟ್ಟಿತು.

ನಮಗೂ ಇದು ಪರಕೀಯವಾದ ಕಥೆಯಲ್ಲ. ಭಾರತದಲ್ಲಿ ಬ್ರಿಟಿಷರ ಆಳ್ವಿಕೆಯಲ್ಲಿ ಜಾರಿಗೆ ಬಂದ 1934ರ ವಿಮಾನ ಅಧಿನಿಯಮದ ಹದಿನೇಳನೆಯ ಕಲಮು ಲಂಡನ್ನಿನ ಆ ವಾಕ್ಯವನ್ನೇ ಹೆಚ್ಚು ಬದಲಾವಣೆಯಿಲ್ಲದೆ ಇಲ್ಲಿಗೆ ತಂದಿತು. ಆರು ವರ್ಷಗಳ ತರುವಾಯ, 1940ರಲ್ಲಿ, ಬೆಂಗಳೂರಿನ ಪೂರ್ವದಿಕ್ಕಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಸ್ಥಾಪಿತವಾದಾಗ ಅದರ ಸುತ್ತಲೂ ಹೊಲಗದ್ದೆಗಳೂ ತೋಪುಗಳೂ ಇದ್ದವು. ಊರು ಬೆಳೆಯುತ್ತ ಬೆಳೆಯುತ್ತ ಓಡುದಾರಿಯ ಬೇಲಿಯವರೆಗೂ ಬಂದು, 2008ರ ಮೇ ತಿಂಗಳಿನಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೊರಟುಹೋಗುವವರೆಗೆ, ಆ ಬಡಾವಣೆಗಳ ಮನೆಗಳಲ್ಲಿ ಮಾತು ನಡುವೆ ನಿಲ್ಲುವುದು, ಸದ್ದು ಕಳೆದ ಮೇಲೆ ಬಿಟ್ಟಲ್ಲಿಂದ ಮುಂದುವರಿಯುವುದು ನಿತ್ಯದ ಪದ್ಧತಿಯೇ ಆಗಿದ್ದಿತು. ನಿಲ್ದಾಣಗಳ ಸುತ್ತಿನ ಗದ್ದಲಕ್ಕೆ ಮಾನದಂಡವನ್ನು ನಮ್ಮ ದೇಶದಲ್ಲಿ ಪ್ರಕಟಿಸಿದ್ದು 2018ರಲ್ಲಿ; ಪ್ರಕಟಿಸಿದವರು ಪರಿಸರ ಸಚಿವಾಲಯದವರು. ವಿಮಾನವು ಯಾವ ದಾರಿಯಲ್ಲಿ, ಯಾವ ಹೊತ್ತಿನಲ್ಲಿ ಹಾರಬೇಕೆಂಬುದನ್ನು ನಿರ್ಣಯಿಸುವವರು ಬೇರೆ ಇಲಾಖೆಯವರು. ಅಳೆಯುವ ಕೈ ಒಂದು, ಆಜ್ಞಾಪಿಸುವ ಕೈ ಇನ್ನೊಂದು ಎಂಬ ಈ ತೊಡಕಿನ ಮೂಲವನ್ನು ಕಾಣಬೇಕಾದರೆ ಮತ್ತೆ ಲಂಡನ್ನಿಗೇ ಹೋಗಬೇಕು.

ಲಂಡನ್ನಿನ ಪಶ್ಚಿಮಕ್ಕೆ ಮಿಡ್ಲ್‌ಸೆಕ್ಸ್ ಪ್ರಾಂತದಲ್ಲಿ ಹೀಥ್ ರೋ ಎಂಬ ಹಳ್ಳಿಯೊಂದಿದ್ದಿತು. ನಗರದ ಮಾರುಕಟ್ಟೆಗಳಿಗೆ ತರಕಾರಿಯನ್ನೂ ಹಣ್ಣನ್ನೂ ಒದಗಿಸುತ್ತಿದ್ದ ತೋಟಗಾರರ ಹಳ್ಳಿ ಅದು. 1944ರಲ್ಲಿ, ಮಹಾಯುದ್ಧದ ಮಧ್ಯದಲ್ಲಿ, ವಾಯುಸೇನೆಯ ಸಾಗಣೆ ವಿಮಾನಗಳಿಗೆ ನೆಲ ಬೇಕೆಂಬ ಕಾರಣವನ್ನು ಹೇಳಿ, ಯುದ್ಧಕಾಲದ ವಿಶೇಷಾಧಿಕಾರದಿಂದ ಸರ್ಕಾರವು ಆ ಹಳ್ಳಿಯನ್ನು ವಶಪಡಿಸಿಕೊಂಡಿತು. ಶಾಂತಿಕಾಲದಲ್ಲಾಗಿದ್ದರೆ ನಡೆಯಬೇಕಾಗಿದ್ದ ಬಹಿರಂಗ ವಿಚಾರಣೆ ನಡೆಯಲೇ ಇಲ್ಲ. ಆ ಕಾಲದಲ್ಲಿ ವಾಯುಖಾತೆಯ ಉಪಮಂತ್ರಿಯಾಗಿದ್ದ ಹೆರಾಲ್ಡ್ ಬಾಲ್ಫೋರ್ 1973ರಲ್ಲಿ ಪ್ರಕಟಿಸಿದ ತನ್ನ ಸ್ಮೃತಿಗ್ರಂಥದಲ್ಲಿ, ನಾಗರಿಕ ವಿಮಾನನಿಲ್ದಾಣವೇ ಮೊದಲಿನಿಂದಲೂ ಉದ್ದೇಶವಾಗಿದ್ದಿತೆಂದೂ ಸೇನೆಯ ಅವಶ್ಯಕತೆ ನೆಪವಾಗಿದ್ದಿತೆಂದೂ ಒಪ್ಪಿಕೊಂಡಿದ್ದಾನೆ. 1946ರ ಜನವರಿ ಒಂದರಂದು ಅಲ್ಲಿಂದ ಬ್ಯೂನಸ್ ಐರಿಸ್ಸಿಗೆ ಮೊದಲ ನಾಗರಿಕ ವಿಮಾನ ಹೊರಟಿತು. ಹೀಗೆ, ಜನರ ಮಾತನ್ನು ಕೇಳತಕ್ಕ ಮೊದಲ ಸಂದರ್ಭವೇ ಕೈತಪ್ಪಿಹೋದುದು ಹೀಥ್ರೋವಿನ ಹುಟ್ಟಿನಲ್ಲಿಯೇ ಸೇರಿಕೊಂಡ ದೋಷವೆನ್ನಬೇಕು. ಒಂದು ಸಂಸ್ಥೆಯನ್ನು ಅಂದೇ ನೇಮಿಸಿ ವಿಚಾರಣೆ ನಡೆಸಿದ್ದರೆ ನಿಲ್ದಾಣವು ಅಲ್ಲಿಗೆ ಬರುತ್ತಲೇ ಇರಲಿಲ್ಲವೆಂದು ಹೇಳುವುದು ಸಾಹಸವಾದೀತು. ಆದರೆ ಪಶ್ಚಿಮದ ಗಾಳಿಯೇ ಹೆಚ್ಚಾಗಿ ಬೀಸುವ ಆ ದೇಶದಲ್ಲಿ, ನಗರಕ್ಕೆ ಪಶ್ಚಿಮದಲ್ಲಿ ನಿಲ್ದಾಣವನ್ನಿಟ್ಟರೆ, ಗಾಳಿಗೆ ಎದುರಾಗಿ ಇಳಿಯಬೇಕಾದ ವಿಮಾನಗಳು ಇಡೀ ಲಂಡನ್ನಿನ ನೆತ್ತಿಯ ಮೇಲೆ ಬರಬೇಕಾಗುತ್ತದೆಂಬ ಮಾತನ್ನು ಯಾರಾದರೊಬ್ಬರು ಗಟ್ಟಿಯಾಗಿ ಹೇಳಿ ದಾಖಲೆ ಮಾಡಿಸುತ್ತಿದ್ದರು.

ಯುದ್ಧಾನಂತರದ ಶಾಸನವು ಈ ಕೊರತೆಯನ್ನು ತುಂಬಲಿಲ್ಲ. 1949ರ ನಾಗರಿಕ ವಿಮಾನಯಾನ ಶಾಸನವು ಆಕಾಶದಲ್ಲಿನ ಗದ್ದಲಕ್ಕೆ ಇದ್ದ ರಕ್ಷಣೆಯನ್ನು ಹಾಗೆಯೇ ಉಳಿಸಿ, ನಿಲ್ದಾಣದ ನೆಲದ ಮೇಲೆ ನಿಯಮಾನುಸಾರವಾಗಿ ನಡೆಯುವ ಎಂಜಿನ್ನುಗಳ ಸದ್ದಿಗೂ ಕಂಪನಕ್ಕೂ ಅದೇ ರಕ್ಷಣೆಯನ್ನು ಕೊಟ್ಟಿತು. ನೆರೆಹೊರೆಯ ಗದ್ದಲದ ಮೇಲೆ ಸ್ಥಳೀಯ ಪೌರಸಭೆಗಳು ಕ್ರಮ ಕೈಗೊಳ್ಳಬಹುದೆಂದು ವಿಧಿಸಿದ 1960ರ ಶಾಸನವೊಂದಿದೆ. ಜಾನ್ ಕಾನಲ್ ಎಂಬ ಸದ್ಗೃಹಸ್ಥನು ಹಿಂದಿನ ವರ್ಷ ಸ್ಥಾಪಿಸಿದ್ದ ಗದ್ದಲ ನಿವಾರಣಾ ಸಂಘದ ಪ್ರಯತ್ನವೂ ಅದರ ಹಿಂದೆ ಇದ್ದಿತು. ಆ ಶಾಸನದಲ್ಲಿಯೂ ವಿಮಾನವನ್ನು ಹೆಸರಿಟ್ಟು ಹೊರಗಿಡಲಾಯಿತು. ಕಾರ್ಖಾನೆಯ ಸದ್ದಿನ ಮೇಲೆ ಪೌರಸಭೆಯ ಆರೋಗ್ಯಾಧಿಕಾರಿಗೆ ದೂರು ಕೊಡಬಹುದಾದ ಗೃಹಿಣಿಯು ವಿಮಾನದ ಸದ್ದಿನ ಮೇಲೆ ಅದೇ ಅಧಿಕಾರಿಗೆ ದೂರು ಕೊಟ್ಟರೆ, ಅದು ತನ್ನ ವ್ಯಾಪ್ತಿಗೆ ಬಾರದೆಂದು ಆತನು ಹೇಳಬೇಕಾಗುತ್ತಿತ್ತು. ನ್ಯಾಯಾಲಯವೂ ಇಲ್ಲ, ಪೌರಸಭೆಯೂ ಇಲ್ಲ. ಉಳಿದವನು ಮಂತ್ರಿ ಒಬ್ಬನೇ.

ಆ ಮಂತ್ರಿಯ ಸ್ಥಿತಿ ಎಂಥದೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಮುಂದಿನ ಎಲ್ಲ ವಾದಗಳ ಗಂಟು ಅಲ್ಲಿಯೇ ಇದೆ. 1959ರಲ್ಲಿ ರಚಿತವಾದ ವಿಮಾನಯಾನ ಸಚಿವಾಲಯವು ಹೀಥ್ರೋ ನಿಲ್ದಾಣದ ಒಡೆತನವನ್ನು ಹೊಂದಿದ್ದಿತು. ಆಕಾಶಮಾರ್ಗದ ನಿಯಂತ್ರಣವೂ ಅದರದೇ. ರಾಷ್ಟ್ರದ ಸ್ವತ್ತಾಗಿದ್ದ ಎರಡು ವಿಮಾನಸಂಸ್ಥೆಗಳ ಯೋಗಕ್ಷೇಮವೂ ಅದಕ್ಕೇ ಸೇರಿದ್ದು. ವಿಮಾನಗಳನ್ನು ನಿರ್ಮಿಸುವ ಕೈಗಾರಿಕೆಗೆ ಬೆಂಬಲವಾಗಿ ನಿಲ್ಲುವುದೂ ಅದರ ಕರ್ತವ್ಯವೇ. 1962ರ ನವೆಂಬರಿನಲ್ಲಿ ಕಾಂಕಾರ್ಡ್ ವಿಮಾನವನ್ನು ನಿರ್ಮಿಸುವ ಒಪ್ಪಂದಕ್ಕೆ ಫ್ರಾನ್ಸಿನೊಡನೆ ಸಹಿಮಾಡಿದವನು ವಿಮಾನಯಾನದ ಮಂತ್ರಿ ಜೂಲಿಯನ್ ಏಮರಿ; ಹೀಥ್ರೋ ಸುತ್ತಿನ ಜನರ ರಾತ್ರಿಯ ಶಾಂತಿಯನ್ನು ಕಾಯತಕ್ಕವನೂ ಅವನೇ. ಇದರಿಂದ ಆ ಮಂತ್ರಿಗಳು ಕೆಟ್ಟವರೆಂದು ಸಿದ್ಧವಾಗುವುದಿಲ್ಲ. ಹಗಲಿನಲ್ಲಿ 110, ರಾತ್ರಿಯಲ್ಲಿ 102 ಎಂದು, ಕಿವಿಗೆ ತಾಗುವ ಸದ್ದನ್ನು ಅಳೆಯುವ ಡೆಸಿಬೆಲ್ ಮಾನದಲ್ಲಿ, ಹೊರಡುವ ವಿಮಾನಗಳಿಗೆ ಮಿತಿಯನ್ನು ಹಾಕಿದ್ದು ಅದೇ ಸಚಿವಾಲಯ. 1962ರಿಂದ ಹೀಥ್ರೋವಿನ ರಾತ್ರಿಯ ಸಂಚಾರಕ್ಕೆ ಸಂಖ್ಯೆಯ ಕಟ್ಟುಪಾಡನ್ನು ವಿಧಿಸಿದ್ದೂ ಅದೇ. ಆದರೆ ಒಬ್ಬನೇ ಮನುಷ್ಯನು ಅಂಗಡಿಯ ಯಜಮಾನನಾಗಿ ಕುಳಿತು ತಕ್ಕಡಿಯ ಮೇಲಿನ ದೂರನ್ನೂ ತಾನೇ ವಿಚಾರಿಸಬೇಕಾಗಿ ಬಂದರೆ, ಅವನು ಎಷ್ಟೇ ಪ್ರಾಮಾಣಿಕನಾದರೂ, ಗಿರಾಕಿಯ ಮನಸ್ಸಿಗೆ ಸಮಾಧಾನವಾಗುವುದು ದುಸ್ಸಾಧ್ಯ.

ಅಟ್ಲಾಂಟಿಕ್ ಸಾಗರದ ಆಚೆ ಅದೇ ಕಾಲದಲ್ಲಿ ಬೇರೊಂದು ಪ್ರಯೋಗ ನಡೆದಿದ್ದಿತು. ನ್ಯೂಯಾರ್ಕಿನ ಐಡಲ್‌ವೈಲ್ಡ್ ನಿಲ್ದಾಣವನ್ನು ನಡೆಸುತ್ತಿದ್ದುದು ಎರಡು ರಾಜ್ಯಗಳು ಕೂಡಿ 1921ರಲ್ಲಿ ಸ್ಥಾಪಿಸಿದ ಬಂದರು ಪ್ರಾಧಿಕಾರ. ತನ್ನ ಅಪ್ಪಣೆಯಿಲ್ಲದೆ ಜೆಟ್ ವಿಮಾನವು ಇಲ್ಲಿ ಇಳಿಯಕೂಡದೆಂದು ಆ ಪ್ರಾಧಿಕಾರವು ಮೊದಲೇ ನಿಯಮವನ್ನು ಮಾಡಿಕೊಂಡಿದ್ದುದರಿಂದ, 1958ರಲ್ಲಿ ಕಾಮೆಟ್ ಮತ್ತು ಬೋಯಿಂಗ್ 707 ವಿಮಾನಗಳು ಬಾಗಿಲಿಗೆ ಬಂದಾಗ ಷರತ್ತನ್ನು ವಿಧಿಸುವ ಸ್ಥಾನದಲ್ಲಿ ಅದು ನಿಂತಿದ್ದಿತು. ಜೆಟ್ಟಿನ ಸದ್ದು ಹಳೆಯ ಪಂಖದ ವಿಮಾನದ ಸದ್ದಿನಂಥದಲ್ಲ. ಒಂದೇ ಅಳತೆಯ ಯಂತ್ರವು ಎರಡಕ್ಕೂ ಒಂದೇ ಅಂಕಿಯನ್ನು ತೋರಿಸಿದರೂ, ಜೆಟ್ಟಿನ ಕೀರಲು ಧ್ವನಿ ಕಿವಿಗೆ ಹೆಚ್ಚು ಅಸಹ್ಯವಾಗಿ ಕೇಳಿಸುತ್ತದೆ. ಆದುದರಿಂದ ಕಾರ್ಲ್ ಕ್ರೈಟರ್ ಎಂಬ ವಿಜ್ಞಾನಿಯೂ ಅವನ ಸಂಗಡಿಗರೂ, ಯಂತ್ರದ ಅಂಕಿಯನ್ನು ಬಿಟ್ಟು, ಕೇಳುವವರ ಅನುಭವವನ್ನೇ ಆಧಾರವಾಗಿಟ್ಟುಕೊಂಡ ಹೊಸ ಮಾನವೊಂದನ್ನು ರೂಪಿಸಿದರು. ಅದರಂತೆ 112ರ ಮಿತಿಯನ್ನು ಪ್ರಾಧಿಕಾರವು ಹಾಕಿತು. ಹೀಥ್ರೋವಿನ 110 ಎಂಬ ಅಂಕಿಯೂ ಇದೇ ಮಾನದ ಮೇಲೆ ನಿಂತದ್ದು. ನ್ಯೂಯಾರ್ಕಿನಲ್ಲಿ ನಿಲ್ದಾಣವನ್ನು ನಡೆಸುತ್ತಿದ್ದವನೇ ಕಾವಲುಗಾರನಾಗಿದ್ದನಷ್ಟೆ. ಆದರೂ ಅವನು ವಿಮಾನಸಂಸ್ಥೆಗಳ ಒಡೆಯನಾಗಿರಲಿಲ್ಲ, ವಿಮಾನ ಕಟ್ಟುವವನೂ ಆಗಿರಲಿಲ್ಲ. ಜೊತೆಗೆ, ಪಿಟ್ಸ್‌ಬರ್ಗಿನ ನಿಲ್ದಾಣಕ್ಕೆ ಸಂಬಂಧಿಸಿದ ಮೊಕದ್ದಮೆಯಲ್ಲಿ 1962ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ಗದ್ದಲದಿಂದ ನಿರುಪಯುಕ್ತವಾದ ಮನೆಗೆ ಪರಿಹಾರವನ್ನು ನಿಲ್ದಾಣದ ಒಡೆಯನೇ ಕೊಡಬೇಕೆಂದು ತೀರ್ಪಿತ್ತಿತು. ಕೊಡಬೇಕಾದ ಹಣದ ಭಯವೂ ಕಾವಲಿನ ಒಂದು ಬಗೆ. ಬ್ರಿಟನ್ನಿನಲ್ಲಿ 1920ರ ಕಲಮು ಆ ಭಯವನ್ನು ಅಳಿಸಿಬಿಟ್ಟಿದ್ದಿತು.

ಇಂಥ ಸನ್ನಿವೇಶದಲ್ಲಿ, 1960ರ ಏಪ್ರಿಲಿನಲ್ಲಿ, ಸರ್ ಅಲನ್ ವಿಲ್ಸನ್ ಎಂಬ ಭೌತವಿಜ್ಞಾನಿಯ ಅಧ್ಯಕ್ಷತೆಯಲ್ಲಿ ಗದ್ದಲದ ಸಮಸ್ಯೆಯನ್ನು ಕುರಿತ ಸಮಿತಿಯೊಂದು ನೇಮಕವಾಯಿತು. 1963ರ ಜುಲೈಯಲ್ಲಿ ಅದರ ಅಂತಿಮ ವರದಿ ಹೊರಬಂದಿತು. ನಾನು ಓದಿರುವ ಸರ್ಕಾರೀ ವರದಿಗಳಲ್ಲಿ ಮನುಷ್ಯನ ಮೇಲಿನ ಗೌರವದಿಂದ ಬರೆದಂತೆ ತೋರುವ ಕೆಲವೇ ವರದಿಗಳಲ್ಲಿ ಇದೊಂದು. ಗದ್ದಲವೆಂದರೇನು ಎಂಬ ಪ್ರಶ್ನೆಗೆ ಅದು ಕೊಟ್ಟ ಉತ್ತರವು ಯಂತ್ರದ ಕಡೆಗೆ ನೋಡಲಿಲ್ಲ. ಕೇಳುವವನಿಗೆ ಬೇಡವಾದ ಸದ್ದೇ ಗದ್ದಲವೆಂದು ಹೇಳಿತು. ನಮ್ಮ ಭಾಷೆಯಲ್ಲಿ ಸದ್ದು, ಶಬ್ದ, ನಾದ, ಗದ್ದಲ, ಕೋಲಾಹಲ ಎಂಬ ಮಾತುಗಳನ್ನು ನಾವು ಒಂದರ ಬದಲು ಒಂದನ್ನು ಪ್ರಯೋಗಿಸುವುದಿಲ್ಲ. ದೇವಸ್ಥಾನದ ಗಂಟೆಯನ್ನು ನಾದವೆನ್ನುವವನು ಅದೇ ಗಂಟೆಯನ್ನು ಅಪರಾತ್ರಿಯಲ್ಲಿ ಹುಡುಗರು ಬಾರಿಸಿದರೆ ಗದ್ದಲವೆನ್ನುತ್ತಾನೆ. ಈ ವಿವೇಕವು ವಿಲ್ಸನ್ ಸಮಿತಿಯ ನಿರ್ವಚನದಲ್ಲಿ ಅಡಗಿದೆ. ಅದರಿಂದ ಒಂದು ದೊಡ್ಡ ಫಲಿತಾಂಶವೂ ಉಂಟಾಗುತ್ತದೆ: ಗದ್ದಲವನ್ನು ನಿರ್ಣಯಿಸತಕ್ಕವನು ಕೇಳುವವನೇ ಆದ ಪಕ್ಷದಲ್ಲಿ, ಕೇಳುವವರ ಬಳಿಗೆ ಹೋಗಿ ವಿಚಾರಿಸದ ಯಾವ ಸಂಸ್ಥೆಯೂ ಈ ಕಾರ್ಯಕ್ಕೆ ಯೋಗ್ಯವಾಗಲಾರದು.

ಸಮಿತಿಯು ಹೋಗಿ ವಿಚಾರಿಸಿತು. 1961ರಲ್ಲಿ ಹೀಥ್ರೋವಿನ ಸುತ್ತ ಹತ್ತು ಮೈಲಿಗಳೊಳಗಿನ ಮನೆಗಳ ಬಾಗಿಲು ತಟ್ಟಿ, ವಿಮಾನದ ಸದ್ದಿನಿಂದ ಮಾತಿಗೆ, ವಿಶ್ರಾಂತಿಗೆ, ನಿದ್ರೆಗೆ ಎಷ್ಟೆಷ್ಟು ಅಡ್ಡಿಯಾಗುತ್ತದೆಂದು ಕೇಳಿ, ಆ ಉತ್ತರಗಳನ್ನು ಅದೇ ಜಾಗಗಳಲ್ಲಿ ಅಳೆದ ಸದ್ದಿನೊಡನೆ ಹೊಂದಿಸಿ ನೋಡಿದರು. ಅದರಿಂದ ಹುಟ್ಟಿದ್ದು ಗದ್ದಲವನ್ನೂ ಸಂಖ್ಯೆಯನ್ನೂ ಕೂಡಿಸಿದ ಸೂಚ್ಯಂಕ. ಜನರ ಬೇಸರವು ಒಂದೊಂದು ವಿಮಾನದ ಸದ್ದನ್ನು ಮಾತ್ರ ಅವಲಂಬಿಸಿಲ್ಲ, ಎಷ್ಟು ಬಾರಿ ಬರುತ್ತದೆಂಬುದನ್ನೂ ಅವಲಂಬಿಸಿದೆ ಎಂಬುದು ಅದರ ತತ್ತ್ವ. ವಿಮಾನಗಳ ಸಂಖ್ಯೆ ಇಮ್ಮಡಿಯಾದರೆ ಸೂಚ್ಯಂಕಕ್ಕೆ ನಾಲ್ಕೂವರೆ ಅಂಶ ಕೂಡುವುದು; ಹತ್ತುಮಡಿಯಾದರೆ ಹದಿನೈದು. 35 ಎಂದರೆ ಬೇಸರ ಅಲ್ಪ, 45 ಮಧ್ಯಮ, 55 ತೀವ್ರ ಎಂದು ಆಮೇಲೆ ರೂಢಿಯಾಯಿತು. ಸಾಮಾನ್ಯ ಓದುಗನಿಗೆ ಇದು ಒಣ ಗಣಿತವಾಗಿ ಕಂಡೀತು. ಆದರೆ ಒಂದು ಹೊಲದ ಗಡಿಯ ಮೇಲೆ ಜಗಳವಾದಾಗ ಅಳತೆಯ ಸರಪಣಿ ಯಾರ ಕೈಯಲ್ಲಿದೆ ಎಂಬುದರ ಮೇಲೆಯೇ ತೀರ್ಪು ಅರ್ಧ ನಿಲ್ಲುತ್ತದಷ್ಟೆ. ಹಾಗೆಯೇ ಹೀಥ್ರೋವಿನ ಮುಂದಿನ ಮೂವತ್ತು ವರ್ಷಗಳಲ್ಲಿ ಯಾವ ಬೀದಿಯವರಿಗೆ ಪರಿಹಾರ, ಯಾವ ಬೀದಿಯವರಿಗೆ ಇಲ್ಲ ಎಂಬುದು ಈ ಸೂಚ್ಯಂಕದ ಗೆರೆಗಳು ನಕ್ಷೆಯ ಮೇಲೆ ಎಲ್ಲಿ ಹಾದುಹೋದವೆಂಬುದರ ಮೇಲೆ ನಿಂತಿತು. ಮನೆಯ ಕಿಟಕಿಗಳಿಗೆ ಎರಡನೆಯ ಗಾಜನ್ನು ಹಾಕಿಸಿಕೊಳ್ಳಲು ನಿವಾಸಿಗಳಿಗೆ ಧನಸಹಾಯವು 1966ರಿಂದ ದೊರೆಯತೊಡಗಿದ್ದೂ ಈ ವರದಿಯ ಫಲವೇ.

ಆದರೆ ಅಧಿಕಾರವನ್ನು ಯಾರ ಕೈಗೆ ಕೊಡಬೇಕೆಂಬ ವಿಷಯವು ವಿಲ್ಸನ್ ಸಮಿತಿಯ ಕೈಯಲ್ಲಿರಲಿಲ್ಲ. ಅದು ಮುಂದಿನ ಹತ್ತು ವರ್ಷಗಳಲ್ಲಿ, ಒಂದು ಯೋಜನೆಯಿಲ್ಲದೆ, ಬೇರೆ ಬೇರೆ ಕಾರಣಗಳಿಂದ, ಹಂಚಿಹೋಯಿತು. 1966ರ ಏಪ್ರಿಲಿನಲ್ಲಿ ಹೀಥ್ರೋ, ಗ್ಯಾಟ್ವಿಕ್, ಸ್ಟ್ಯಾನ್‌ಸ್ಟೆಡ್ ಮತ್ತು ಪ್ರೆಸ್ಟ್ವಿಕ್ ನಿಲ್ದಾಣಗಳು ಹೊಸದಾಗಿ ರಚಿತವಾದ ವಿಮಾನನಿಲ್ದಾಣ ಪ್ರಾಧಿಕಾರದ ವಶವಾದವು. ಸರ್ ರೊನಾಲ್ಡ್ ಎಡ್ವರ್ಡ್ಸ್ ಅಧ್ಯಕ್ಷತೆಯ ಸಮಿತಿಯು 1969ರಲ್ಲಿ ಕೊಟ್ಟ ಸಲಹೆಯಂತೆ, ಪರವಾನಗಿ, ಸುರಕ್ಷತೆ ಮುಂತಾದವುಗಳಿಗಾಗಿ ನಾಗರಿಕ ವಿಮಾನಯಾನ ಪ್ರಾಧಿಕಾರವು 1972ರ ಏಪ್ರಿಲಿನಿಂದ ಕಾರ್ಯಾರಂಭ ಮಾಡಿತು. ಸದ್ದನ್ನು ಅಳೆದು ನಕ್ಷೆ ಬರೆಯುವ ಕೆಲಸವು ಇದರ ತಜ್ಞರಿಗೆ ಬಂದಿತು. ಆದರೆ ಇಷ್ಟು ವಿಮಾನಗಳು ಮಾತ್ರ, ಈ ಹೊತ್ತಿನೊಳಗೆ ಮಾತ್ರ ಎಂದು ಆಜ್ಞಾಪಿಸುವ ಅಧಿಕಾರವನ್ನು 1971ರ ಶಾಸನವು ಮಂತ್ರಿಯ ಬಳಿಯಲ್ಲಿಯೇ ಉಳಿಸಿತು. ಆ ಮಂತ್ರಿಯು ಪರಿಸರದ ಮಂತ್ರಿಯಲ್ಲ; ವಾಣಿಜ್ಯದ ಮಂತ್ರಿ, 1983ರ ತರುವಾಯ ಸಾರಿಗೆಯ ಮಂತ್ರಿ. ಇದು ಆಕಸ್ಮಿಕವಾದುದಲ್ಲವೆಂದು ನನಗೆ ತೋರುತ್ತದೆ. ಗದ್ದಲವನ್ನು ವಿಮಾನಯಾನದ ಉಪಾಂಗವೆಂದು ಎಣಿಸಿದುದೇ ಇದಕ್ಕೆ ಕಾರಣ. ಅದನ್ನು ಜನಾರೋಗ್ಯದ ಅಂಗವೆಂದು ಎಣಿಸಿದ್ದರೆ ಪೀಠವೇ ಬೇರೆಯಾಗುತ್ತಿತ್ತು.

ಪರಿಸರದ ದೃಷ್ಟಿಯಿಂದ ಮಾತನಾಡಲು ಒಂದು ಸಂಸ್ಥೆಯನ್ನು ಸ್ಥಾಪಿಸಿದ್ದರು ಎಂಬುದನ್ನೂ ನ್ಯಾಯವಾಗಿ ಹೇಳಬೇಕು. 1970ರಲ್ಲಿ ಗದ್ದಲ ಸಲಹಾ ಮಂಡಲಿ ಎಂಬುದು ರಚಿತವಾಯಿತು. ಹಾರುವ ದಾರಿಗಳನ್ನು ಕುರಿತು ಒಂದು ಕಠಿಣವಾದ ಪ್ರಶ್ನೆ ಆಗಲೇ ಎದ್ದಿದ್ದಿತು: ಹೊರಡುವ ವಿಮಾನಗಳನ್ನೆಲ್ಲ ಒಂದೇ ಓಣಿಯಲ್ಲಿ ಕಳುಹಿಸಿ ಅದರ ಕೆಳಗಿನ ಕೆಲವರು ಮಾತ್ರ ಪೂರ್ಣ ಕಷ್ಟವನ್ನು ಅನುಭವಿಸುವಂತೆ ಮಾಡುವುದು ನ್ಯಾಯವೋ, ಅಥವಾ ಎಲ್ಲೆಡೆ ಚೆದರಿಸಿ ಎಲ್ಲರೂ ಸ್ವಲ್ಪ ಸ್ವಲ್ಪ ಹೊರುವಂತೆ ಮಾಡುವುದು ನ್ಯಾಯವೋ? ಮಂಡಲಿಯು 1971ರಲ್ಲಿ ಈ ವಿಷಯವನ್ನು ಕುರಿತು ವರದಿಯೊಂದನ್ನು ಬರೆಯಿತು. ಸೂಚ್ಯಂಕವನ್ನು ತಿದ್ದಬೇಕೇ ಎಂಬುದನ್ನು ಕುರಿತು ಮರುವರ್ಷ ಮತ್ತೊಂದನ್ನು ಬರೆಯಿತು. ಪಕ್ಷಪಾತವಿಲ್ಲದೆ ವಿಚಾರ ಮಾಡಬಲ್ಲ ಪೀಠವೊಂದು ಇದ್ದುದರ ಪ್ರಯೋಜನವಿದು: ಅಂಕಿ ಅಂಶಗಳ ಪ್ರಶ್ನೆಯಂತೆ ಕಾಣುತ್ತಿದ್ದುದು ವಸ್ತುತಃ ಧರ್ಮಾಧರ್ಮಗಳ ಪ್ರಶ್ನೆಯೆಂದು ಅಲ್ಲಿ ಬಹಿರಂಗವಾಗಿ ಒಪ್ಪಿಕೊಂಡು ಚರ್ಚಿಸಲು ಅವಕಾಶವಾಯಿತು. ಆದರೆ ಅದರ ಹೆಸರಿನಲ್ಲಿಯೇ ಅದರ ದೌರ್ಬಲ್ಯವೂ ಇದ್ದಿತು. ಸಲಹೆ ಕೊಡುವುದಷ್ಟೇ ಅದರ ಕೆಲಸ. ಮಿತವ್ಯಯದ ಹೆಸರಿನಲ್ಲಿ ಸರ್ಕಾರದ ಸುತ್ತಲಿನ ಮಂಡಲಿಗಳನ್ನು ಕಡಿಮೆ ಮಾಡುವ ಕಾಲ ಬಂದಾಗ, 1981ರಲ್ಲಿ, ಅದನ್ನು ವಿಸರ್ಜಿಸಿದರು.

ಬಹುತೇಕ ಅದೇ ವೇಳೆಗೆ ಅಮೆರಿಕದಲ್ಲಿಯೂ ಇಂಥದೇ ಒಂದು ದೀಪ ಆರಿತು. ಅಲ್ಲಿ 1968ರ ಶಾಸನದಿಂದ ವಿಮಾನದ ಸದ್ದಿನ ಮೇಲಿನ ಅಧಿಕಾರವು ಸಂಯುಕ್ತ ವಿಮಾನಯಾನ ಆಡಳಿತಕ್ಕೆ ಸೇರಿದ್ದಿತು. ವಿಮಾನಯಾನವನ್ನು ಪ್ರೋತ್ಸಾಹಿಸುವುದೂ ಅದೇ ಆಡಳಿತದ ಶಾಸನಬದ್ಧ ಕರ್ತವ್ಯವಾಗಿದ್ದುದರಿಂದ, 1972ರ ಗದ್ದಲ ನಿಯಂತ್ರಣ ಶಾಸನವು ಪರಿಸರ ಸಂರಕ್ಷಣಾ ಸಂಸ್ಥೆಗೆ, ನಿಯಮಗಳನ್ನು ಸೂಚಿಸುವ ಹಕ್ಕನ್ನು ಕೊಟ್ಟಿತು. ಸೂಚಿಸುವವರು ಒಬ್ಬರು, ಸ್ವೀಕರಿಸುವುದೋ ಬಿಡುವುದೋ ಇನ್ನೊಬ್ಬರಿಗೆ ಸೇರಿದ್ದು. 1982ರಲ್ಲಿ ಆ ಸಂಸ್ಥೆಯ ಗದ್ದಲ ವಿಭಾಗಕ್ಕೆ ಹಣವನ್ನು ನಿಲ್ಲಿಸಿದರು. ಶಾಸನ ಮಾತ್ರ ಗ್ರಂಥದಲ್ಲಿ ಉಳಿಯಿತು. ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಏಳರವರೆಗೆ ಜೆಟ್ ವಿಮಾನಗಳು ಹೊರಡಕೂಡದೆಂದು ನಿಷೇಧಿಸಿದ ಬರ್ಬ್ಯಾಂಕ್ ಎಂಬ ಕ್ಯಾಲಿಫೋರ್ನಿಯದ ಪೌರಸಭೆಯ ಆಜ್ಞೆಯನ್ನು, ಅದು ಕೇಂದ್ರದ ಅಧಿಕಾರಕ್ಕೆ ಸೇರಿದ ವಿಷಯವೆಂದು, ಸರ್ವೋಚ್ಚ ನ್ಯಾಯಾಲಯವು 1973ರಲ್ಲಿ ರದ್ದುಮಾಡಿದ್ದಿತು. ಆ ಒಂಬತ್ತು ನ್ಯಾಯಾಧೀಶರಲ್ಲಿ ನಾಲ್ವರು ಭಿನ್ನಾಭಿಪ್ರಾಯವನ್ನು ಬರೆದರು.

ಹೀಥ್ರೋವಿಗೆ ಮರಳೋಣ. 1987ರಲ್ಲಿ ನಿಲ್ದಾಣ ಪ್ರಾಧಿಕಾರವು ಖಾಸಗಿಯವರ ಪಾಲಾಗಿ, ಲಾಭವೇ ಗುರಿಯಾದ ಕಂಪೆನಿಯಾಯಿತು. ಮೂರು ವರ್ಷಗಳ ಮೇಲೆ, 1990ರಲ್ಲಿ, ವಿಲ್ಸನ್ ಸಮಿತಿಯ ಸೂಚ್ಯಂಕವನ್ನು ಕೈಬಿಟ್ಟು, ದಿನದ ಹದಿನಾರು ಗಂಟೆಗಳ ಸದ್ದಿನ ಶಕ್ತಿಯನ್ನು ಸರಾಸರಿ ಮಾಡುವ ಬೇರೊಂದು ಮಾನವನ್ನು ತಂದರು. 57 ಡೆಸಿಬೆಲ್ ಎಂಬುದು ಜನಸಮುದಾಯದ ಬೇಸರವು ಗಣನೀಯವಾಗಿ ತೊಡಗುವ ಗೆರೆಯೆಂದು ಗೊತ್ತಾಯಿತು. ಇದರ ಹಿಂದೆ ಹೊಸ ಸಮೀಕ್ಷೆಯ ಆಧಾರವಿದ್ದಿತೆಂಬುದು ನಿಜ. ಇತರ ದೇಶಗಳ ಮಾನಕ್ಕೆ ಇದು ಹತ್ತಿರವೆಂಬುದೂ ನಿಜ. ಆದರೆ ಹೊಸ ಲೆಕ್ಕದಲ್ಲಿ ವಿಮಾನಗಳ ಸಂಖ್ಯೆ ಇಮ್ಮಡಿಯಾದರೆ ಕೂಡುವುದು ಮೂರೇ ಅಂಶ, ಹಿಂದಿನ ನಾಲ್ಕೂವರೆಯಲ್ಲ. ಒಂದೊಂದು ವಿಮಾನದ ಸದ್ದು ತಗ್ಗುತ್ತ ಸಂಖ್ಯೆಯು ಏರುತ್ತಲೇ ಇದ್ದ ಕಾಲದಲ್ಲಿ, ಸಂಖ್ಯೆಗೆ ಕಡಿಮೆ ತೂಕವನ್ನು ಕೊಡುವ ಮಾನವೊಂದು ಬಂದಿತೆಂದರೆ, ನಕ್ಷೆಯ ಮೇಲಿನ ಗೆರೆಗಳು ನಿಲ್ದಾಣದ ಕಡೆಗೆ ಕುಗ್ಗಿ ತೋರುವುದು ಸ್ವಾಭಾವಿಕ. ನೆಲದ ಮೇಲಿನವನಿಗೆ ಮಾತ್ರ ತನ್ನ ಅಂಗಳದಲ್ಲಿ ಗದ್ದಲ ಕುಗ್ಗಿದಂತೆ ತೋರಲಿಲ್ಲ. ಇಂಥ ಬದಲಾವಣೆಯನ್ನು ಪರೀಕ್ಷಿಸಿ ಜನರಿಗೆ ತಿಳಿಯ ಹೇಳಬಹುದಾಗಿದ್ದ ಮಂಡಲಿಯು ಒಂಬತ್ತು ವರ್ಷಗಳ ಹಿಂದೆಯೇ ಇಲ್ಲವಾಗಿದ್ದಿತು.

ಮುಚ್ಚಿದ್ದ ನ್ಯಾಯಾಲಯದ ಬಾಗಿಲು ಈ ದಶಕದಲ್ಲಿ ಬೇರೊಂದು ಪಕ್ಕದಿಂದ ಸ್ವಲ್ಪ ತೆರೆಯಿತು. ರಾತ್ರಿಯ ವಿಮಾನಗಳನ್ನು ಸಂಖ್ಯೆಯಿಂದ ಎಣಿಸುವುದನ್ನು ಬಿಟ್ಟು, ಸದ್ದಿಗೆ ತಕ್ಕಂತೆ ಒಂದೊಂದಕ್ಕೆ ಒಂದೊಂದು ಅಂಕವನ್ನು ಕೊಟ್ಟು ಒಟ್ಟು ಅಂಕಕ್ಕೆ ಮಿತಿ ಹಾಕುವ ಪದ್ಧತಿಯನ್ನು 1993ರಲ್ಲಿ ಮಂತ್ರಿಯು ಪ್ರಕಟಿಸಿದಾಗ, ಥೇಮ್ಸ್ ತೀರದ ರಿಚ್ಮಂಡ್ ಮುಂತಾದ ಪೌರಸಭೆಗಳು ಅದನ್ನು ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದವು. ವಿಮಾನಗಳ ಗರಿಷ್ಠ ಸಂಖ್ಯೆಯನ್ನು ಹೇಳಬೇಕೆಂದು ಶಾಸನವೇ ವಿಧಿಸಿರುವುದರಿಂದ ಸಂಖ್ಯೆಯಿಲ್ಲದ ಮಿತಿಯು ಊರ್ಜಿತವಲ್ಲವೆಂದು ನ್ಯಾಯಮೂರ್ತಿ ಲಾಸ್ ತೀರ್ಪಿತ್ತರು. ಗದ್ದಲದ ಮೇಲೆ ದಾವೆ ಹೂಡಲಾಗದ ಜನರು, ಗದ್ದಲದ ಕಾವಲುಗಾರನ ಮೇಲೆ ದಾವೆ ಹೂಡಿ ಗೆದ್ದರು! ಆಮೇಲೆ ಹೀಥ್ರೋವಿನ ಎಂಟು ಮಂದಿ ನಿವಾಸಿಗಳು ರಾತ್ರಿಯ ನಿದ್ರೆಯ ಪ್ರಶ್ನೆಯನ್ನು ಸ್ಟ್ರಾಸ್‌ಬರ್ಗಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಒಯ್ದರು. 2001ರಲ್ಲಿ ಏಳು ಮಂದಿಯ ಪೀಠವು ಅವರ ಪರವಾಗಿ ಹೇಳಿತು. 2003ರ ಜುಲೈಯಲ್ಲಿ ಹದಿನೇಳು ಮಂದಿಯ ಮಹಾಪೀಠವು, ಹನ್ನೆರಡಕ್ಕೆ ಐದರ ಬಹುಮತದಿಂದ, ಗೃಹಜೀವನದ ಹಕ್ಕಿಗೆ ಭಂಗವಾಗಿಲ್ಲವೆಂದು ಆ ತೀರ್ಪನ್ನು ತಿರುಗಿಸಿತು. ಆದರೆ ಆ ನಿವಾಸಿಗಳ ದೂರನ್ನು ಅದರ ಸತ್ತ್ವದಲ್ಲಿ ಪರಿಶೀಲಿಸಿ ಪರಿಹಾರ ಕೊಡಬಲ್ಲ ಯಾವ ಪೀಠವೂ ಬ್ರಿಟನ್ನಿನ ಒಳಗೆ ಇರಲಿಲ್ಲವೆಂಬುದನ್ನು ಮಾತ್ರ ಮಹಾಪೀಠವೂ ಒಪ್ಪಿ, ಆ ಅಂಶದಲ್ಲಿ ಹಕ್ಕಿನ ಭಂಗವಾಗಿದೆಯೆಂದು ಹೇಳಿತು. ಅಂದರೆ 1920ರಲ್ಲಿ ಕಸಿದುಕೊಂಡ ಹಕ್ಕಿಗೆ ಬದಲಾಗಿ ಏನನ್ನೂ ಕೊಟ್ಟಿಲ್ಲವೆಂಬುದು ಎಂಬತ್ತಮೂರು ವರ್ಷಗಳ ಮೇಲೆ ಒಂದು ತೀರ್ಪಿನಲ್ಲಿ ದಾಖಲೆಯಾಯಿತು.

ಈ ಮಧ್ಯೆ ಫ್ರಾನ್ಸ್ ಬೇರೊಂದು ದಾರಿಯನ್ನು ಹಿಡಿದಿದ್ದಿತು. 1999ರ ಜುಲೈ 12ರ ಶಾಸನದಿಂದ ಅಲ್ಲಿ, ವಿಮಾನನಿಲ್ದಾಣಗಳ ಉಪದ್ರವವನ್ನೇ ವಿಷಯವಾಗಿ ಉಳ್ಳ, ಮಂತ್ರಿಯ ಕೈಕೆಳಗಿಲ್ಲದ ಸ್ವತಂತ್ರ ಆಡಳಿತ ಪ್ರಾಧಿಕಾರವೊಂದು ಹುಟ್ಟಿತು. ನಿಷಿದ್ಧವಾದ ಹೊತ್ತಿನಲ್ಲಿ ಹೊರಟ, ಗೊತ್ತಾದ ದಾರಿಯನ್ನು ಬಿಟ್ಟ ವಿಮಾನಸಂಸ್ಥೆಗೆ ದಂಡ ವಿಧಿಸುವ ಅಧಿಕಾರವು ಅದಕ್ಕೆ ಉಂಟು. ಆಕಾಶದ ಗದ್ದಲವನ್ನೆಲ್ಲ ಅದು ನಿಲ್ಲಿಸಿತೆಂದು ಯಾರೂ ಹೇಳುವುದಿಲ್ಲ. ಪ್ಯಾರಿಸ್ಸಿನ ಉತ್ತರದ ಜನರು ಇಂದಿಗೂ ದೂರುತ್ತಲೇ ಇದ್ದಾರೆ. ಆದರೂ ಸಲಹೆಗೂ ದಂಡಕ್ಕೂ ಇರುವ ಅಂತರ ದೊಡ್ಡದು, ಮತ್ತು ಶಾಸನದಿಂದ ಹುಟ್ಟಿದುದನ್ನು ತೆಗೆಯಬೇಕಾದರೆ ಮತ್ತೊಂದು ಶಾಸನವೇ ಬೇಕಾಗುತ್ತದೆ.

ಲಂಡನ್ನಿನ ಸುತ್ತ ಮತ್ತೊಂದು ಓಡುದಾರಿಯನ್ನು ಎಲ್ಲಿ ಹಾಕಬೇಕೆಂದು ವಿಚಾರಿಸಲು 2012ರಲ್ಲಿ ನೇಮಕವಾದ, ಸರ್ ಹೋವರ್ಡ್ ಡೇವೀಸ್ ಅಧ್ಯಕ್ಷತೆಯ ಆಯೋಗವು, ಓಡುದಾರಿಯ ಜೊತೆಗೆ ಈ ಹಳೆಯ ಪ್ರಶ್ನೆಯನ್ನೂ ಎತ್ತಿಕೊಂಡಿತು. ಜನರು ಅಂಕಿಗಳನ್ನು ನಂಬದಿರುವುದು ಅಂಕಿಗಳ ದೋಷದಿಂದಲ್ಲ, ಅವುಗಳನ್ನು ಹೇಳುವವರ ಮೇಲಿನ ಅವಿಶ್ವಾಸದಿಂದ ಎಂಬುದನ್ನು ಮನಗಂಡು, ಸ್ವತಂತ್ರವಾದ ವಿಮಾನಗದ್ದಲ ಪ್ರಾಧಿಕಾರವೊಂದು ಬೇಕೆಂದು ಅದು 2013ರಲ್ಲಿಯೇ ಶಿಫಾರಸು ಮಾಡಿತು. ಐದು ವರ್ಷಗಳ ಮೇಲೆ, 2019ರ ಜನವರಿಯಲ್ಲಿ, ನಾಗರಿಕ ವಿಮಾನಯಾನ ಗದ್ದಲವನ್ನು ಕುರಿತ ಸ್ವತಂತ್ರ ಆಯೋಗವು ಅಸ್ತಿತ್ವಕ್ಕೆ ಬಂದಿತು. ಶಿಫಾರಸು ಮಾಡಿದ್ದ ಪ್ರಾಧಿಕಾರವು ಆಯೋಗವಾಗಿ ಇಳಿದಿದ್ದಿತು, ಅದರ ಬೆನ್ನಿಗೆ ಶಾಸನವಿರಲಿಲ್ಲ, ಆಜ್ಞೆಯ ಅಧಿಕಾರವಿರಲಿಲ್ಲ, ದಂಡವಿರಲಿಲ್ಲ, ಒಬ್ಬೊಬ್ಬರ ದೂರನ್ನು ತೀರ್ಮಾನಿಸುವ ಹಕ್ಕೂ ಇರಲಿಲ್ಲ. ಎರಡು ವರ್ಷಗಳ ಮೇಲೆ ಪರಿಶೀಲಿಸುವುದಾಗಿ ಹೇಳಿ ಅದನ್ನು ಪ್ರಾರಂಭಿಸಿದ್ದರು. ಅಷ್ಟರಲ್ಲಿ ಮಹಾಮಾರಿಯ ವರ್ಷ ಬಂದು ಆಕಾಶವೇ ಬರಿದಾಯಿತು. 2021ರ ಸೆಪ್ಟೆಂಬರಿನ ಕೊನೆಗೆ, ವಿಮಾನಗಳು ಮತ್ತೆ ಹಾರತೊಡಗುತ್ತಿದ್ದ ಕಾಲದಲ್ಲಿ, ಸರ್ಕಾರವು ಆಯೋಗವನ್ನು ಮುಚ್ಚಿ, ಅದು ಮಾಡುತ್ತಿದ್ದ ಕೆಲಸಗಳಲ್ಲಿ ಹೆಚ್ಚಿನವನ್ನು ನಾಗರಿಕ ವಿಮಾನಯಾನ ಪ್ರಾಧಿಕಾರಕ್ಕೆ ಒಪ್ಪಿಸಿತು.

ಸಲಹಾ ಮಂಡಲಿಯು ಹನ್ನೊಂದು ವರ್ಷ ಬದುಕಿದ್ದರೆ ಆಯೋಗವು ಮೂರು ವರ್ಷವೂ ಬದುಕಲಿಲ್ಲ. ನ್ಯಾಯಾಲಯವನ್ನೂ ಪೌರಸಭೆಯನ್ನೂ ಹೊರಗಿಟ್ಟು, ನಿಲ್ದಾಣದ ಒಡೆತನವನ್ನು ಮಾರಿ, ಸಲಹೆಗಾರರನ್ನು ಎರಡು ಬಾರಿ ಕರೆದು ಎರಡು ಬಾರಿ ಕಳುಹಿಸಿಕೊಟ್ಟ ಮೇಲೆ, ಹೀಥ್ರೋವಿನ ರಾತ್ರಿಯ ಮೇಲಿನ ಆಜ್ಞೆಯು ಇಂದಿಗೂ 1971ರಲ್ಲಿ ಇದ್ದಲ್ಲಿಯೇ ಇದೆ: 1982ರ ಶಾಸನದ ಎಪ್ಪತ್ತೆಂಟನೆಯ ಕಲಮಿನ ಪ್ರಕಾರ ಸಾರಿಗೆ ಮಂತ್ರಿಯ ಕಚೇರಿಯಿಂದ ಅದು ಹೊರಡುತ್ತದೆ. ರಾತ್ರಿ ಹನ್ನೊಂದೂವರೆಯಿಂದ ಬೆಳಗಿನ ಆರರವರೆಗೆ ವರ್ಷಕ್ಕೆ 5,800 ವಿಮಾನಗಳು, ಚಳಿಗಾಲದಲ್ಲಿ 2,550, ಬೇಸಗೆಯಲ್ಲಿ 3,250. ಕೆಲವು ವರ್ಷಗಳಿಗೊಮ್ಮೆ ಸಮಾಲೋಚನೆಯ ಪತ್ರವನ್ನು ಪ್ರಕಟಿಸಿ, ಜನರಿಂದ ಉತ್ತರಗಳನ್ನು ಬರಮಾಡಿಕೊಂಡು, ಆ ಸಂಖ್ಯೆಯನ್ನು ಮುಂದುವರಿಸುತ್ತ ಬಂದಿದ್ದಾರೆ. ಪೂರ್ವದೇಶಗಳಿಂದ ರಾತ್ರಿಯೆಲ್ಲ ಹಾರಿಬಂದ ಮೊದಲ ವಿಮಾನಗಳು, ನಮ್ಮ ಬೆಂಗಳೂರಿನಿಂದ ಹೊರಟವುಗಳು ಇಳಿಯುವ ಅದೇ ಓಡುದಾರಿಗಳಿಗೆ, ನಾಲ್ಕೂವರೆ ಗಂಟೆಯ ಸುಮಾರಿಗೆ ಲಂಡನ್ನಿನ ಮನೆಗಳ ಮೇಲಿಂದ ಒಂದರ ಹಿಂದೆ ಒಂದಾಗಿ ಇಳಿಯುತ್ತವೆ. ಕೆಳಗೆ ಎಚ್ಚರಗೊಂಡವನು ದೂರವಾಣಿಯನ್ನೆತ್ತಿದರೆ, ಅವನ ದೂರನ್ನು ಬರೆದುಕೊಳ್ಳುವ ಕಚೇರಿಯು ನಿಲ್ದಾಣದ ಕಂಪೆನಿಯದು.